ಬಾಯಲ್ಲಿ ಹುಣ್ಣು, ಕೈಮೇಲೆ ತುರಿಕೆ: ಲೈಕೆನ್ ಪ್ಲೇನಸ್ ಇದೆಯಾ ಅಂತ ತಿಳಿಯುವುದು, ನಿಭಾಯಿಸುವುದು ಹೇಗೆ?

ಕೆಲವು ತಿಂಗಳಿಂದ ಓದುಗರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಬಾಯಿ ಹುಣ್ಣು ವಾಸಿನೇ ಆಗ್ತಾ ಇಲ್ಲ. ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತೆ. ಬಿ ಕಾಂಪ್ಲೆಕ್ಸ್ ತಿಂದು ತಿಂದು ಸಾಕಾಯ್ತು. ಏನು ಮಾಡೋದು?" ಕೇಳುವವರಲ್ಲಿ ನಲವತ್ತು ದಾಟಿದ ಹೆಂಗಸರೇ ಜಾಸ್ತಿ. ನಾನು ತಿರುಗಿ ಕೇಳುವುದು ಒಂದೇ ಮಾತು: ಮಣಿಕಟ್ಟಿನ ಒಳಗಡೆ ಯಾವತ್ತಾದರೂ ತುರಿಸುವ ಗುಳ್ಳೆ ಬಂದಿತ್ತಾ?

ಈ ಪ್ರಶ್ನೆ ನನಗೇ ತಡವಾಗಿ ಎದುರಾಯಿತು. ಬಾಯಿಗೆ ಒಂದು ಕ್ಲಿನಿಕ್ಕಿನಲ್ಲಿ ಮದ್ದು, ಕೈಗೆ ಇನ್ನೊಂದು ಕಡೆ ಕ್ರೀಮ್, ಹೀಗೆ ಹತ್ತಿರ ಹತ್ತಿರ ಒಂದು ವರ್ಷ ಓಡಾಡಿದೆ. ಕೊನೆಗೆ ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಡೆಂಟಲ್ ಕಾಲೇಜಿನ ಒಬ್ಬಳು ಹುಡುಗಿ "ಅಮ್ಮಾ, ಮೈಮೇಲೆ ಎಲ್ಲಾದರೂ ತುರಿಕೆ ಇದೆಯಾ?" ಎಂದಳು. ಬಳೆ ಸರಿಸಿ ತೋರಿಸಿದೆ. ಬಾಯಿಯ ತೊಂದರೆ, ಕೈಯ ತೊಂದರೆ ಎರಡೂ ಒಂದೇ ಕಾಯಿಲೆ ಎಂದು ಆಗ ಗೊತ್ತಾಯಿತು. ನಾನು ವೈದ್ಯೆ ಅಲ್ಲ. ಎಂಟು ವರ್ಷದಿಂದ ಈ ಕಾಯಿಲೆಯ ಜೊತೆ ಇದ್ದೇನೆ, ಕೇಳಿ ತಿಳಿದುಕೊಂಡಿದ್ದೇನೆ. ಆ ಒಂದು ವರ್ಷ ನಿಮಗೆ ವ್ಯರ್ಥವಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಇದು ಏನು?

ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಚರ್ಮ ಮತ್ತು ಬಾಯಿಯ ಒಳಪದರದ ಕೋಶಗಳ ಮೇಲೆ ಬೀಳುತ್ತವೆ. ಆ ಜಾಗ ಕೆಂಪಾಗಿ, ಊದಿ, ಉರಿಯುತ್ತದೆ. ಇದಕ್ಕೆ ಉರಿಯೂತ ಎನ್ನುತ್ತಾರೆ. ಲಂಡನ್ನಿನ ವೈದ್ಯ ಎರಾಸ್ಮಸ್ ವಿಲ್ಸನ್ 1869ರಲ್ಲಿ ಈ ಕಾಯಿಲೆಗೆ ಲೈಕೆನ್ ಪ್ಲೇನಸ್ ಎಂದು ಹೆಸರಿಟ್ಟರು. ಲೈಕೆನ್ ಎಂದರೆ ಕಲ್ಲುಹೂವು. ನಮ್ಮ ತೋಟದ ತೆಂಗು, ಅಡಿಕೆ ಮರದ ಕಾಂಡದ ಮೇಲೆ ಬೂದು ಬಣ್ಣದ ಕಲೆ ಹರಡಿರುತ್ತದೆ ಅಲ್ವಾ, ಅದೇ. ಹೋಲಿಕೆ ಹೆಸರಿಗೆ ಮಾತ್ರ. ಇದು ಫಂಗಸ್ ಅಲ್ಲ, ಸೋಂಕೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಗುವಿಗೆ ಮುತ್ತು ಕೊಡಬಹುದು, ಮನೆಯವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಲೋಟ ಬೇರೆ ಇಟ್ಟು ಕೂತಿರುವ ಒಬ್ಬರು ನನಗೆ ಬರೆದಿದ್ದರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಚರ್ಮದ ಮೇಲೆ ಬಂದದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಮಾಯುತ್ತದೆ, ಕೆಲವರಿಗೆ ಮತ್ತೆ ಬರುತ್ತದೆ. ಬಾಯಿಯದ್ದು ಹಾಗಲ್ಲ. ವರ್ಷಗಟ್ಟಲೆ ಇರುತ್ತದೆ. ನಡುವೆ ತಣ್ಣಗಾಗುತ್ತದೆ, ಮತ್ತೆ ಕೆರಳುತ್ತದೆ. ಪೂರ್ತಿ ಬೇರು ಸಮೇತ ಕೀಳುವ ಮದ್ದು ಇವತ್ತಿಗೆ ಇಲ್ಲ. ಆದರೆ ಹತೋಟಿಯಲ್ಲಿಟ್ಟು ಚೆನ್ನಾಗಿ ಉಂಡು ತಿಂದು ಇರಬಹುದು. "ಮೂರು ತಿಂಗಳಲ್ಲಿ ಗ್ಯಾರಂಟಿ ವಾಸಿ" ಎನ್ನುವವರ ಕೈಗೆ ದುಡ್ಡು ಕೊಡಬೇಡಿ.

1. ಕನ್ನಡಿ, ಟಾರ್ಚ್ ಹಿಡಿದು ನೋಡಿಕೊಳ್ಳಿ

ಕೈ ತೊಳೆದುಕೊಂಡು ಕಿಟಕಿಯ ಹತ್ತಿರ ನಿಲ್ಲಿ. ಮೊಬೈಲ್ ಟಾರ್ಚ್ ಸಾಕು. ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಗೆ ಎಳೆದು, ದವಡೆ ಹಲ್ಲಿನ ಪಕ್ಕದ ಜಾಗ ನೋಡಿ. ಬಿಳಿ ನೂಲಿನಲ್ಲಿ ಕುಸುರಿ ಹೆಣೆದ ಹಾಗೆ, ಜೇಡರ ಬಲೆಯ ಹಾಗೆ ತೆಳು ಗೆರೆಗಳು ಕಾಣುತ್ತವೆಯಾ? ಫ್ರಾನ್ಸಿನ ಲೂಯಿ ವಿಕಮ್ ಎಂಬ ವೈದ್ಯ 1895ರಲ್ಲಿ ಈ ಕಾಯಿಲೆಯ ಬಿಳಿ ಗೆರೆಗಳನ್ನು ವರ್ಣಿಸಿದರು. ವೈದ್ಯರು ಈಗಲೂ ಅವನ್ನು ವಿಕಮ್ ಗೆರೆ ಎಂದೇ ಕರೆಯುತ್ತಾರೆ. ಗೆರೆ ಒರೆಸಿದರೆ ಹೋಗುವುದಿಲ್ಲ. ಹೆಚ್ಚಾಗಿ ಎರಡೂ ಕೆನ್ನೆಯಲ್ಲಿ ಇರುತ್ತದೆ.

ಬರೀ ಗೆರೆ ಇದ್ದರೆ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಗೆರೆಯ ನಡುವಿನ ಪದರ ತೆಳುವಾಗಿ ಕೆಂಪಾದಾಗ, ಅಥವಾ ಅದು ಕಳಚಿ ಹುಣ್ಣಾದಾಗ ಉರಿ ಶುರುವಾಗುತ್ತದೆ. ನಾಲಿಗೆಯ ಅಂಚು ನೋಡಿ. ವಸಡು ನೋಡಿ. ಕೆಲವರಿಗೆ ವಸಡು ಮಾತ್ರ ಕೆಂಪಾಗಿ ಹೊಳೆಯುತ್ತದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಅದನ್ನು ಎಲ್ಲರೂ ವಸಡಿನ ರೋಗ ಎಂದೇ ತಿಳಿಯುತ್ತಾರೆ.

ಆಮೇಲೆ ಮೈ ನೋಡಿ. ಮಣಿಕಟ್ಟಿನ ಒಳಭಾಗ, ಮೊಣಕಾಲಿನ ಕೆಳಗೆ, ಪಾದದ ಗಂಟಿನ ಸುತ್ತ, ಸೊಂಟದ ಹಿಂದೆ. ಚಪ್ಪಟೆ ತಲೆಯ, ಸ್ವಲ್ಪ ಹೊಳೆಯುವ ಸಣ್ಣ ಗುಳ್ಳೆಗಳು. ಪುಸ್ತಕದಲ್ಲಿ ನೇರಳೆ ಬಣ್ಣ ಎಂದಿರುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಅದು ಕಪ್ಪು ಮಿಶ್ರಿತ ನೇರಳೆ ಹಾಗೆ ಕಾಣುತ್ತದೆ, ಮಾಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಗುಳ್ಳೆ ಹೋಗಿ ಕಲೆ ಮಾತ್ರ ಇದ್ದರೂ ಅದು ಸುಳಿವೇ. ತುರಿಸಿಕೊಂಡ ಗೀರಿನ ಮೇಲೇ ಸಾಲಾಗಿ ಹೊಸ ಗುಳ್ಳೆ ಏಳುವುದೂ ಉಂಟು. ಉಗುರು ತೆಳುವಾಗಿ ಉದ್ದುದ್ದ ಗೆರೆ ಬಿದ್ದಿದೆಯಾ, ತಲೆಯಲ್ಲಿ ಕೂದಲು ಅಲ್ಲಲ್ಲಿ ಉದುರಿ ಬೋಳಾಗಿದೆಯಾ, ನೋಡಿಕೊಳ್ಳಿ.

ಹೆಂಗಸರಿಗೆ ಇನ್ನೊಂದು ಮಾತು. ಇದೇ ಉರಿ, ಇದೇ ಹುಣ್ಣು ಗುಪ್ತಾಂಗದಲ್ಲಿಯೂ ಬರಬಹುದು. ಬಾಯಿ ತೋರಿಸಲು ಹೋದಾಗ ಇದನ್ನು ಯಾರೂ ಹೇಳುವುದಿಲ್ಲ, ಎಷ್ಟೋ ವೈದ್ಯರು ಕೇಳುವುದೂ ಇಲ್ಲ. ನಾಚಿಕೆ ಬಿಟ್ಟು ಹೇಳಿ. ಮದ್ದು ಹಚ್ಚದೆ ಬಿಟ್ಟರೆ ಅಲ್ಲಿ ಗಾಯ ಮಾಯುತ್ತಾ ಚರ್ಮ ಅಂಟಿಕೊಂಡು ಆಮೇಲೆ ಕಷ್ಟವಾಗುತ್ತದೆ.

ಎಚ್ಚರ: ಎಲ್ಲ ಬಾಯಿ ಹುಣ್ಣೂ ಇದಲ್ಲ. ಉಷ್ಣ ಅಂತ ನಾವು ಹೇಳುವ ಮಾಮೂಲಿ ಹುಣ್ಣು ದುಂಡಗೆ, ನಡುವೆ ಹಳದಿ, ಸುತ್ತ ಕೆಂಪು ಇರುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಎರಡು ವಾರ ದಾಟಿದ ಯಾವ ಹುಣ್ಣನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

2. ಹೋಗುವ ಮೊದಲು ಫೋಟೋ, ಮಾತ್ರೆಗಳ ಪಟ್ಟಿ

ಬಾಯಿ ಕೆರಳಿದ ದಿನವೇ ಫೋಟೋ ತೆಗೆದಿಡಿ. ಡಾಕ್ಟರ ಹತ್ತಿರ ಹೋಗುವ ದಿನ ಅದು ತಣ್ಣಗಾಗಿರುತ್ತದೆ, ಇದು ಎಲ್ಲರ ಅನುಭವ. ಮನೆಯವರಿಗೆ ಕೆನ್ನೆ ಎಳೆದು ಹಿಡಿಯಲು ಹೇಳಿ, ಫ್ಲ್ಯಾಶ್ ಹಾಕಿ. ಕೈಕಾಲಿನ ಗುಳ್ಳೆಯದ್ದೂ ತೆಗೆಯಿರಿ.

ಈಗ ಪಟ್ಟಿ. ನೀವು ತಿನ್ನುವ ಎಲ್ಲ ಮಾತ್ರೆಯ ಹೆಸರು ಮತ್ತು ಯಾವಾಗಿನಿಂದ ಎಂದು ಬರೆಯಿರಿ. ಯಾಕೆಂದರೆ ಕೆಲವು ಮದ್ದುಗಳೇ ಬಾಯಲ್ಲಿ ಇದೇ ತರಹದ ಗೆರೆ, ಹುಣ್ಣು ತರಿಸುತ್ತವೆ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಎನಾಲಾಪ್ರಿಲ್, ರಾಮಿಪ್ರಿಲ್ ಗುಂಪಿನವು, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಮೈಕೈ ನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಅಂಗಡಿಯಿಂದ ಸುಮ್ನೆ ತಂದು ನುಂಗುವ ನೋವಿನ ಮಾತ್ರೆಯನ್ನೂ ಸೇರಿಸಿ. ಆಯುರ್ವೇದ, ನಾಟಿ ಮದ್ದು ಇದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.

ಎಚ್ಚರ: ಇದನ್ನು ಓದಿ ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ. ಅಟೆನೊಲಾಲ್‌ನಂಥದ್ದನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ. ಬದಲಿಸುವುದು ಬರೆದುಕೊಟ್ಟ ಡಾಕ್ಟರ ಕೆಲಸ.

ಹಲ್ಲಿಗೆ ಹಳೇ ಬೆಳ್ಳಿ ಬಣ್ಣದ ಸಿಮೆಂಟ್ ತುಂಬಿಸಿದ್ದರೆ ಅದನ್ನೂ ಗಮನಿಸಿ. ಹುಣ್ಣು ಸರಿಯಾಗಿ ಅದು ತಾಗುವ ಜಾಗದಲ್ಲೇ, ಒಂದೇ ಕಡೆ ಇದ್ದರೆ, ಆ ಲೋಹವೇ ಕಾರಣ ಇರಬಹುದು. ಅಂಥವರಿಗೆ ಅದನ್ನು ತೆಗೆದು ಬೇರೆ ತುಂಬಿಸಿದರೆ ಕಡಿಮೆಯಾಗುತ್ತದೆ.

3. ಎಲ್ಲಿಗೆ ಹೋಗುವುದು

ಮಂಗಳೂರು, ಉಡುಪಿಯವರಿಗೆ ಇದೊಂದು ಅನುಕೂಲ. ಡೆಂಟಲ್ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ. ಮಣಿಪಾಲದಲ್ಲಿದೆ, ಮಂಗಳೂರಿನ ಲೈಟ್‌ಹೌಸ್ ಹಿಲ್‌ನಲ್ಲಿದೆ, ದೇರಳಕಟ್ಟೆಯಲ್ಲಿ ಎರಡಿವೆ, ಕುಂಟಿಕಾನದಲ್ಲಿದೆ. ಅಲ್ಲಿ ಹೋಗಿ ಸುಮ್ನೆ "ಹಲ್ಲಿನ ಡಾಕ್ಟರು" ಎನ್ನಬೇಡಿ. ಓರಲ್ ಮೆಡಿಸಿನ್ ವಿಭಾಗ ಎಂದು ಕೇಳಿ. ಹಲ್ಲು ಕೀಳುವ, ತುಂಬುವ ವಿಭಾಗ ಬೇರೆ, ಬಾಯಿಯ ಒಳಪದರದ ಕಾಯಿಲೆ ನೋಡುವ ವಿಭಾಗ ಇದು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಮೊದಲು ವಿದ್ಯಾರ್ಥಿಗಳು ನೋಡುತ್ತಾರೆ, ಅದದೇ ಪ್ರಶ್ನೆ ಎರಡು ಮೂರು ಸಲ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಪುರುಸೊತ್ತಿನಲ್ಲಿ ಕೇಳುವವರು ಅವರೇ.

ಮೈಮೇಲೂ ಇದ್ದರೆ ಚರ್ಮದ ಡಾಕ್ಟರು ಕೂಡ ಬೇಕು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ. ಬಳೆ, ವಾಚು ತೆಗೆದಿಟ್ಟು ಹೋಗಿ.

ನಮ್ಮ ಕಡೆ ಚರ್ಮದ ತೊಂದರೆ ಎಂದರೆ ಮೊದಲು ನಾಗನ ನೆನಪಾಗುತ್ತದೆ. ಕುಕ್ಕೆಗೆ ಹೋಗುತ್ತೇವೆ, ಹರಕೆ ಹೇಳುತ್ತೇವೆ. ನಾನೂ ಹೇಳಿದವಳೇ. ಅದರಿಂದ ಮನಸ್ಸಿಗೆ ಬರುವ ಧೈರ್ಯ ದೊಡ್ಡದು. ಆದರೆ ಅಲ್ಲಿ ಪ್ರಸಾದವಾಗಿ ಕೊಡುವ ಹುತ್ತದ ಮಣ್ಣು, ಮೃತ್ತಿಕೆಯನ್ನು ಬಾಯಿಯ ಹುಣ್ಣಿಗೆ ಹಚ್ಚಬೇಡಿ, ತೆರೆದ ಗಾಯಕ್ಕೆ ಮಣ್ಣು ತಾಗಬಾರದು. ಹರಕೆ ತೀರುವ ತನಕ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಲೂ ಬೇಡಿ.

4. ಬಯಾಪ್ಸಿ ಎಂದರೆ ಹೆದರಬೇಡಿ

ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿ ಅದು ಕಾಯಿಲೆಯ ಹೆಸರು ಖಚಿತ ಮಾಡಿಕೊಳ್ಳಲು. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ನೇ ಕೊಟ್ಟು, ಮರಗಟ್ಟಿದ ಮೇಲೆ ಕೆಲವೇ ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಒಂದೆರಡು ಹೊಲಿಗೆ. ಎರಡು ಮೂರು ದಿನ ಆರಿದ ಗಂಜಿ. ಇಷ್ಟೇ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು.

ಯಾಕೆ ಬೇಕು ಎಂದರೆ, ಪೆಂಫಿಗಸ್ ಎಂಬ ಇನ್ನೊಂದು ಕಾಯಿಲೆಯೂ ಬಾಯಿ ಹುಣ್ಣಿನಿಂದಲೇ ಶುರುವಾಗುತ್ತದೆ. ಮೈಮೇಲೆ ನೀರುಗುಳ್ಳೆ ಏಳುವುದು ತಿಂಗಳುಗಳ ನಂತರ. ಅದು ಲೈಕೆನ್‌ಗಿಂತ ಗಂಭೀರ, ಚಿಕಿತ್ಸೆಯೇ ಬೇರೆ. ಅದರ ಸಂಶಯವಿದ್ದರೆ ಇಮ್ಯುನೊಫ್ಲೋರೆಸೆನ್ಸ್ ಎಂಬ ಪರೀಕ್ಷೆ ಮಾಡುತ್ತಾರೆ. ಅಂದರೆ ಹೊಳೆಯುವ ಬಣ್ಣ ಹಾಕಿ ಅಂಗಾಂಶದಲ್ಲಿ ಪ್ರತಿಕಾಯ (ರೋಗದ ವಿರುದ್ಧ ಹೋರಾಡಲು ದೇಹವೇ ತಯಾರಿಸುವ ವಸ್ತು) ಎಲ್ಲಿ ಕೂತಿದೆ ಎಂದು ನೋಡುವುದು. ಇದಕ್ಕೆ ಬೇರೆಯೇ ತುಣುಕು, ಬೇರೆಯೇ ದ್ರಾವಣ ಬೇಕು. ಮಾಮೂಲಿ ಬಯಾಪ್ಸಿಯ ತುಣುಕು ಹಾಕಿಡುವ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ಆ ಪರೀಕ್ಷೆ ಆಗುವುದಿಲ್ಲ. "ಆ ಟೆಸ್ಟ್ ಕೂಡ ಬೇಕಾಗಬಹುದಾ ಡಾಕ್ಟ್ರೇ?" ಎಂದು ಮೊದಲೇ ಕೇಳಿದರೆ ಎರಡು ಸಲ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ಅಲ್ಲಿಯ ತನಕ ಏನಾದರೂ ಸ್ಟೀರಾಯ್ಡ್ ಹಚ್ಚಿದ್ದರೆ ಅದನ್ನೂ ಹೇಳಿ, ರಿಪೋರ್ಟ್ ಮಸುಕಾಗುತ್ತದೆ.

ಜೊತೆಗೆ ರಕ್ತ ಪರೀಕ್ಷೆ ಬರೆಯುತ್ತಾರೆ. ಹಿಮೋಗ್ಲೋಬಿನ್, ಸಕ್ಕರೆ, ಲಿವರ್, ಕೆಲವೊಮ್ಮೆ ಹೆಪಟೈಟಿಸ್ ಸಿ. ಈ ವೈರಸ್ಸಿಗೂ ಲೈಕೆನ್‌ಗೂ ನಂಟು ಇರುವುದರಿಂದ ಕೇಳುತ್ತಾರೆ, ಗಾಬರಿಯಾಗಬೇಡಿ.

5. ಮದ್ದು ಹಚ್ಚುವ ಕ್ರಮ

ಇಲ್ಲಿ ನಿಧಾನವಾಗಿ ಓದಿ. ಮದ್ದು ಸರಿ ಇದ್ದು, ಹಚ್ಚುವುದು ತಪ್ಪಿ, "ಉಪಯೋಗ ಇಲ್ಲ" ಎಂದು ಬಿಟ್ಟವರನ್ನು ತುಂಬ ನೋಡಿದ್ದೇನೆ.

ನೋವಿಲ್ಲದ ಬರೀ ಗೆರೆಗೆ ಮದ್ದೇ ಬೇಡ. ಉರಿ, ಹುಣ್ಣು ಇದ್ದರೆ ಮೊದಲ ಮದ್ದು ಸ್ಟೀರಾಯ್ಡ್, ಅದೂ ಮೇಲೆ ಹಚ್ಚುವಂಥದ್ದು. ಉರಿಯೂತ ತಗ್ಗಿಸುವ ಮದ್ದು ಇದು. ಟ್ರಯಾಮ್ಸಿನೊಲೋನ್ ಪೇಸ್ಟ್ ಸಾಮಾನ್ಯ, ಅದಕ್ಕೆ ಬಗ್ಗದಿದ್ದರೆ ಕ್ಲೊಬೆಟಾಸಾಲ್. ಕ್ಲೊಬೆಟಾಸಾಲ್ ಟ್ಯೂಬಿನ ಮೇಲೆ "ಹೊರ ಉಪಯೋಗಕ್ಕೆ ಮಾತ್ರ" ಎಂದು ಬರೆದಿರುತ್ತದೆ. ಅದನ್ನು ಓದಿ ನಾನು ಹದಿನೈದು ದಿನ ಟ್ಯೂಬ್ ಕಪಾಟಿನಲ್ಲಿಟ್ಟಿದ್ದೆ. ಬಾಯಿಗೆ ಎಂದೇ ಡಾಕ್ಟರು ಬರೆದಿದ್ದರೆ ಅವರು ಹೇಳಿದಷ್ಟು ಹಚ್ಚಿ. ಸಂಶಯವಿದ್ದರೆ ಫೋನ್ ಮಾಡಿ ಕೇಳಿ.

ಊಟ ಮುಗಿಸಿ ಬಾಯಿ ಮುಕ್ಕಳಿಸಿ. ಶುದ್ಧ ಹತ್ತಿ ಬಟ್ಟೆ ಅಥವಾ ಗಾಜ್‌ನಿಂದ ಹುಣ್ಣಿನ ಜಾಗವನ್ನು ಮೆಲ್ಲ ಒತ್ತಿ ಒಣಗಿಸಿ. ಜೊಲ್ಲು ಇದ್ದರೆ ಮದ್ದು ಹಿಡಿಯುವುದಿಲ್ಲ, ಜಾರಿ ಹೊಟ್ಟೆಗೆ ಹೋಗುತ್ತದೆ. ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ತಾಗಿಸಿ. ಉಜ್ಜಬೇಡಿ. ಉಜ್ಜಿದರೆ ಪೇಸ್ಟ್ ಮರಳು ಮರಳಾಗಿ ಉದುರುತ್ತದೆ, ಗಾಯವೂ ಕೆರೆಯುತ್ತದೆ. ಆಮೇಲೆ ಅರ್ಧ ಗಂಟೆ ನೀರೂ ಇಲ್ಲ, ಚಹಾವೂ ಇಲ್ಲ. ರಾತ್ರಿ ಮಲಗುವ ಮೊದಲು ಹಚ್ಚಿದ್ದು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ನಿದ್ದೆಯಲ್ಲಿ ಜೊಲ್ಲು ಕಡಿಮೆ.

ವಸಡಿನಲ್ಲಿ ಇದ್ದರೆ ಪೇಸ್ಟ್ ನಿಲ್ಲುವುದು ಕಷ್ಟ. ಹಲ್ಲಿನ ಅಳತೆ ತೆಗೆದು ಪಾರದರ್ಶಕ ಟ್ರೇ ಮಾಡಿಸಿಕೊಡುತ್ತಾರೆ, ಅದರಲ್ಲಿ ಮದ್ದು ಹಾಕಿ ಹಲ್ಲಿಗೆ ಸಿಕ್ಕಿಸಿಕೊಳ್ಳುವುದು. ಬಾಯಿ ತುಂಬ ಹರಡಿದ್ದರೆ ನೀರಲ್ಲಿ ಕರಗುವ ಬೀಟಾಮೆಥಾಸೋನ್ ಮಾತ್ರೆ ಕೊಟ್ಟು ಮುಕ್ಕಳಿಸಲು ಹೇಳುತ್ತಾರೆ. ಎರಡು ಚಮಚ ನೀರಲ್ಲಿ ಕರಗಿಸಿ, ಹೇಳಿದಷ್ಟು ನಿಮಿಷ ಬಾಯಲ್ಲಿ ಆಡಿಸಿ, ಉಗುಳಿ. ನುಂಗಬೇಡಿ.

ಕೆಲವು ವಾರ ಹಚ್ಚಿದ ಮೇಲೆ, ಕಡಿಮೆಯಾಗುತ್ತಿದ್ದ ಉರಿ ಮತ್ತೆ ಜಾಸ್ತಿಯಾಗಿ, ಒರೆಸಿದರೆ ಬರುವ ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್. ಸ್ಟೀರಾಯ್ಡ್‌ನಿಂದ ಆಗುವುದು, ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚು. ಕ್ಲೊಟ್ರಿಮಝೋಲ್ ಮೌತ್ ಪೇಂಟ್ ಹಾಕಿದರೆ ಹೋಗುತ್ತದೆ. ಕಾಯಿಲೆ ಕೆರಳಿತು ಎಂದು ಇನ್ನಷ್ಟು ಸ್ಟೀರಾಯ್ಡ್ ಬಳಿಯಬೇಡಿ.

ಎಚ್ಚರ: ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಎಲ್ಲ ಬೆರೆತ ಚರ್ಮದ ಕ್ರೀಮ್ ಕೊಟ್ಟುಬಿಡುತ್ತಾರೆ. ಅದು ಬಾಯಿಗೆ ಬೇಡ. ನುಂಗುವ ಸ್ಟೀರಾಯ್ಡ್ ಮಾತ್ರೆಯನ್ನು ಹಳೇ ಚೀಟಿ ತೋರಿಸಿ ತಂದು ತಿನ್ನಲೂಬೇಡಿ. ಸಕ್ಕರೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ. ಬಹಳ ದಿನ ತಿಂದು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

6. ಹಲ್ಲುಜ್ಜುವುದು

ಉರಿ ಇದೆ ಎಂದು ಬ್ರಷ್ ಬಿಡಬೇಡಿ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಷ್ಟು ವಸಡು ಕೆರಳುತ್ತದೆ. ತುಂಬ ಮೆತ್ತಗಿನ ಬ್ರಷ್ ತೆಗೆದುಕೊಳ್ಳಿ. ಪೇಸ್ಟಿನಲ್ಲಿ ಖಾರದ ಪುದಿನ, ಲವಂಗ, ಚಕ್ಕೆಯ ಪರಿಮಳ ಬೇಡ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ್ದು ಸಿಕ್ಕಿದರೆ ಒಳ್ಳೆಯದು, ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಉಪ್ಪು, ಇದ್ದಿಲು, ಮಾವಿನ ಎಲೆ ಈಗ ಬೇಡ. ಆಲ್ಕೊಹಾಲ್ ಇರುವ ಮೌತ್‌ವಾಶ್ ಕೂಡ ಬೇಡ. ಚೂಪಾದ ಹಲ್ಲು, ಸಡಿಲ ಹಲ್ಲುಸೆಟ್ಟು ಇದ್ದರೆ ಸರಿ ಮಾಡಿಸಿ, ಉಜ್ಜಿದ ಕಡೆಯೇ ಹುಣ್ಣಾಗುತ್ತದೆ.

7. ಊಟ

ನಮ್ಮ ಊಟವೇ ಖಾರ, ಹುಳಿ. ಪುಳಿಮುಂಚಿ, ಗಸಿ, ಮಾವಿನ ಮಿಡಿ, ಅನಾನಸಿನ ಮೆಣಸ್ಕಾಯಿ. ಕೆರಳಿದ ದಿನಗಳಲ್ಲಿ ಇವನ್ನು ಬಿಡಬೇಕು. ಕೋರಿ ರೊಟ್ಟಿ, ಹಲಸಿನ ಹಪ್ಪಳ, ಚಕ್ಕುಲಿಯ ಚೂಪು ಅಂಚು ಹುಣ್ಣಿಗೆ ಬ್ಲೇಡ್ ಇದ್ದ ಹಾಗೆ. ರೊಟ್ಟಿಯನ್ನು ಪೂರ್ತಿ ನೆನೆಸಿದರೆ ತಿನ್ನಬಹುದು, ಆದರೆ ಗಸಿಯಲ್ಲಿ ಅಲ್ಲ, ತೆಂಗಿನ ಹಾಲಲ್ಲಿ. ಪುನರ್ಪುಳಿ ಶರಬತ್ತು ತಂಪು ಎಂದು ಕುಡಿಯುತ್ತೇವೆ, ಹುಣ್ಣಿಗೆ ಅದು ಹುಳಿಯೇ. ಕಾಫಿ, ಚಹಾ ಉಗುರುಬೆಚ್ಚಗೆ ಆದ ಮೇಲೆ ಕುಡಿಯಿರಿ.

ನನಗೆ ಒಗ್ಗಿದ್ದು: ಆರಿದ ಕುಚ್ಚಲಕ್ಕಿ ಗಂಜಿಗೆ ತುಪ್ಪ, ಬೆಲ್ಲ ಕಾಯಿ ಜೊತೆ ನೀರುದೋಸೆ, ಮೆಣಸು ಹಾಕದ ಒಂದೆಲಗದ ತಂಬುಳಿಗೆ ಹುಳಿ ಬಾರದ ಮಜ್ಜಿಗೆ, ಬೇಯಿಸಿದ ಮೊಟ್ಟೆ, ಅರಿಶಿನ ಉಪ್ಪು ಮಾತ್ರ ಹಾಕಿ ಬೇಯಿಸಿದ ಮೀನು. ಬಣ್ಣಕ್ಕೆ ಬ್ಯಾಡಗಿ ಒಂದೇ ಒಂದು ಹಾಕಿದರೂ ಅತ್ತೆಗೆ ಸಪ್ಪೆ, ನನಗೆ ಉರಿ. ಹಾಗಾಗಿ ನನ್ನದನ್ನು ಮೆಣಸು ಅರೆಯುವ ಮೊದಲೇ ತೆಗೆದಿಡುತ್ತೇನೆ.

ನಂಜಿನ ವಿಷಯ. ಬದನೆ, ಬಂಗುಡೆ, ಸಿಗಡಿ, ಬಟಾಟೆ ಎಲ್ಲ ನಂಜು ಎಂದು ಮನೆಯಲ್ಲಿ ಒಂದೊಂದೇ ಬಿಡಿಸುತ್ತಾರೆ. ಲೈಕೆನ್ ಪ್ಲೇನಸ್ ಇವುಗಳಿಂದ ಬರುವುದಲ್ಲ. ಬಾಯಿಗೆ ಉರಿಯುವುದನ್ನು ಬಿಡಿ, ಉರಿಯದ್ದನ್ನು ತಿನ್ನಿ. ಎಲ್ಲ ಬಿಟ್ಟು ಗಂಜಿ ನೀರಲ್ಲಿ ಇದ್ದವರು ಸೊರಗುತ್ತಾರೆ, ರಕ್ತ ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದರೆ ಬಾಯಿ ಇನ್ನೂ ಉರಿಯುತ್ತದೆ.

ಎಲೆ ಅಡಿಕೆಯ ಮಾತು ಹೇಳಲು ಕಷ್ಟ. ಅಡಿಕೆ ನಮ್ಮ ತೋಟದ ಬೆಳೆ, ನಮ್ಮ ಮಕ್ಕಳ ಫೀಸು ಕಟ್ಟಿದ್ದು ಅದೇ. ಆದರೂ ಹೇಳುತ್ತೇನೆ, ಈ ಕಾಯಿಲೆ ಇದ್ದವರು ಎಲೆ ಅಡಿಕೆ ಪೂರ್ತಿ ಬಿಡಬೇಕು. ಕವಳ ಇಟ್ಟುಕೊಳ್ಳುವ ಜಾಗದಲ್ಲಿ ಲೈಕೆನ್ ತರಹದ್ದೇ ಗೆರೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಮೊದಲೇ ನೊಂದಿರುವ ಬಾಯಿಗೆ ಇದು ಬೇಡ. ಬೀಡಿ, ಸಿಗರೇಟು, ಶರಾಬು ಕೂಡ ಹಾಗೇ.

8. ವಾಸಿಯಾಯಿತು ಅನಿಸಿದ ಮೇಲೂ ತೋರಿಸುತ್ತಿರಿ

ಬಾಯಿಯ ಲೈಕೆನ್ ಪ್ಲೇನಸ್ ಇದ್ದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗಬಹುದು. ತೊಂಬತ್ತೊಂಬತ್ತು ಜನರಿಗೆ ಆಗುವುದಿಲ್ಲ. ಆ ಒಬ್ಬರು ಬೇಗ ಸಿಕ್ಕಬೇಕು, ಅದಕ್ಕೇ ಆರು ತಿಂಗಳಿಗೊಮ್ಮೆ, ತೀರಾ ತಡವೆಂದರೆ ವರ್ಷಕ್ಕೊಮ್ಮೆಯಾದರೂ ತೋರಿಸುವುದು. ಹುಣ್ಣು ಇರುವವರನ್ನು ಇನ್ನೂ ಬೇಗ ಕರೆಯುತ್ತಾರೆ.

ಇವು ಕಂಡರೆ ತಾರೀಕು ಕಾಯದೆ ಹೋಗಿ: ಒಂದೇ ಕಡೆ ಎರಡು ವಾರಕ್ಕೂ ಮಾಯದ ಹುಣ್ಣು, ಬೆರಳಿಗೆ ಗಟ್ಟಿ ಸಿಗುವ ಅಂಚು, ಗಂಟು, ಕುತ್ತಿಗೆಯಲ್ಲಿ ಗೆಡ್ಡೆ, ನಾಲಿಗೆ ಜೋಮು, ಬಾಯಿ ತೆರೆಯಲು ಕಷ್ಟ, ಅನ್ನ ಗಂಟಲಲ್ಲಿ ಸಿಕ್ಕಿದ ಹಾಗೆ ಆಗುವುದು. ಹೊಸ ಮಾತ್ರೆ ಶುರು ಮಾಡಿದ ಮೇಲೆ ಜ್ವರ ಬಂದು, ತುಟಿ ಕಪ್ಪುಗಟ್ಟಿ, ಕಣ್ಣು ಕೆಂಪಾಗಿ, ಮೈಮೇಲೆ ಚರ್ಮ ಸುಲಿದರೆ ಅದು ಲೈಕೆನ್ ಅಲ್ಲ. ಅದು ಮದ್ದಿನ ಗಂಭೀರ ಅಲರ್ಜಿ. ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕೆರಳಿದ ದಿನಗಳನ್ನು ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಚುಕ್ಕೆ ಹಾಕಿಡಿ. ಪಕ್ಕದಲ್ಲಿ ಒಂದು ಪದ ಸಾಕು: ಮದುವೆ ಊಟ, ನಿದ್ದೆ ಇಲ್ಲ, ಮಗನ ಪರೀಕ್ಷೆ, ಹೊಸ ಪೇಸ್ಟ್. ನನ್ನ ಕ್ಯಾಲೆಂಡರಿನಲ್ಲಿ ಚುಕ್ಕೆ ಜಾಸ್ತಿ ಬಿದ್ದದ್ದು ಖಾರ ತಿಂದ ದಿನಕ್ಕಿಂತ ಚಿಂತೆಯಲ್ಲಿ ನಿದ್ದೆಗೆಟ್ಟ ವಾರಗಳಲ್ಲಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯದ್ದೂ ಒಂದು ಫೋಟೋ ತೆಗೆದುಕೊಳ್ಳಿ.